‘ಒತ್ತಕ್ಷರ ಬರ್ತಿಲ್ಲ ಕಣೋ’: ದುಬಾರಿ ಕೀಬೋರ್ಡ್ ನಿಜಕ್ಕೂ ಬಾಳಿಕೆ ಬರುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಕುಂದೂರಿನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಸದ್ದು ಕೇಳಿಸ್ತಿದ್ರೆ ಅದು ಮೈಕ್ ತೊಂದರೆ ಅಲ್ಲ, ಹೆಂಚಿನ ಮೇಲೆ ಬೀಳ್ತಿರೋ ಮಳೆ. ಆಲೂರು, ಸಕಲೇಶಪುರ ಕಡೆಯವರಿಗೆ ಇದನ್ನ ವಿವರಿಸೋದು ಬೇಕಾಗಿಲ್ಲ. ಈ ಮಳೆಗೂ ಇವತ್ತಿನ ವಿಷಯಕ್ಕೂ ಸಂಬಂಧ ಇದೆ, ಅದಕ್ಕೇ ಕಿಟಕಿ ಮುಚ್ಚದೆ ರೆಕಾರ್ಡ್ ಮಾಡ್ತಿದ್ದೀನಿ.

ವಿಷಯ ಕೀಬೋರ್ಡ್. ಫೋನಿನ ಒಳಗಿರೋದಲ್ಲ, ಕಂಪ್ಯೂಟರ್ ಮುಂದೆ ಇಟ್ಟುಕೊಂಡು ಕುಟ್ಟೋದು. ನಾನೂರು ರೂಪಾಯಿಗೂ ಸಿಗುತ್ತೆ, ಮೂವತ್ತು ಸಾವಿರಕ್ಕೂ ಸಿಗುತ್ತೆ. ಎರಡರಲ್ಲೂ ಇರೋದು ಅದೇ ಎ ಬಿ ಸಿ ಡಿ. ಹಾಗಾದ್ರೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ? ನಮ್ಮಂಥ ಊರಲ್ಲಿ ಅದು ಸಿಗುತ್ತಾ? ಸಿಕ್ಕಿದ್ರೂ ಎಷ್ಟು ದಿನ ಬಾಳುತ್ತೆ? ಇದು ನನಗೆ ಶೋಕಿಯ ಪ್ರಶ್ನೆಯಾಗಿ ಬರಲಿಲ್ಲ. ಕಳೆದ ವರ್ಷ ಜುಲೈನಲ್ಲಿ ಒಂದು ವಾಟ್ಸಾಪ್ ಫೋಟೋ ಆಗಿ ಬಂತು.

ಅಕ್ಕನ ಫೋಟೋ

ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಮನೆಯಲ್ಲೇ ಡಿಟಿಪಿ ಕೆಲಸ ಮಾಡ್ತಾಳೆ. ಲಗ್ನಪತ್ರಿಕೆ, ಸಂಘದ ನಡಾವಳಿ, ತಾಲೂಕು ಕಚೇರಿಗೆ ಕೊಡೋ ಅರ್ಜಿ, ಮತ್ತೆ ಕನ್ನಡ ಎಂ.ಎ., ಪಿಎಚ್.ಡಿ. ಮಾಡೋರ ಪ್ರಬಂಧಗಳು. ಪುಟಕ್ಕಿಷ್ಟು ಅಂತ ದುಡ್ಡು. ಮಕ್ಕಳ ಶಾಲೆ ಫೀಸು ನಡೆಯೋದು ಅದರಲ್ಲೇ.

ಅವಳು ಕಳಿಸಿದ ಫೋಟೋದಲ್ಲಿ ಕಂಪ್ಯೂಟರ್ ಪರದೆ. ಅದರಲ್ಲಿ ‘ವಿಶವವಿದಯಾಲಯ’ ಅಂತ ಇತ್ತು. ಕೆಳಗಿನ ಸಾಲಲ್ಲಿ ‘ಕನನಡ’. ಹಿಂದೇನೇ ಫೋನ್ ಬಂತು.

‘ಒತ್ತಕ್ಷರ ಬರ್ತಿಲ್ಲ ಕಣೋ. ಸೋಮವಾರ ಪ್ರಬಂಧ ಕೊಡ್ಬೇಕು, ಇನ್ನೂ ಅರವತ್ತು ಪುಟ ಇದೆ. ಏನ್ ಮಾಡ್ಲಿ ಈಗ?’

‘ಅಕ್ಕ, ಎಫ್ ಒತ್ತಿದ್ರೆ ಏನೂ ಬರಲ್ವಾ?’

‘ಎಷ್ಟ್ ಕುಟ್ಟಿದ್ರೂ ಇಲ್ಲ. ಇದು ಮೂರನೇ ಕೀಬೋರ್ಡು ಕಣೋ, ಎರಡೂವರೆ ವರ್ಷದಲ್ಲಿ.’

ನುಡಿ ಬಳಸದವರಿಗೆ ಒಂದು ವಿವರಣೆ. ನುಡಿ ತಂತ್ರಾಂಶದಲ್ಲಿ ಇರೋದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಅದರಲ್ಲಿ ಎಫ್ ಕೀ ಅಂದ್ರೆ ಅರ್ಧಾಕ್ಷರದ ಕೀ. ಒಂದು ವ್ಯಂಜನ ಒತ್ತಿ, ಎಫ್ ಒತ್ತಿ, ಇನ್ನೊಂದು ವ್ಯಂಜನ ಒತ್ತಿದ್ರೆ ಒತ್ತಕ್ಷರ ಆಗುತ್ತೆ. ‘ಕನ್ನಡ’ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಸತ್ತರೆ ಅಕ್ಕ ಹೋಗಿ ‘ಅಕಕ’ ಆಗ್ತಾಳೆ, ಅಪ್ಪ ಹೋಗಿ ‘ಅಪಪ’ ಆಗ್ತಾನೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇದೇ ಕೆಲಸ ಡಿ ಕೀ ಮಾಡುತ್ತೆ. ಇಂಗ್ಲಿಷ್ ಟೈಪ್ ಮಾಡೋರಿಗೆ ಎಫ್ ಅಷ್ಟೇನೂ ಬೇಕಾಗದ ಅಕ್ಷರ. ಕನ್ನಡದಲ್ಲಿ ಅದಿಲ್ಲದೆ ಒಂದು ಸಾಲೂ ಮುಂದೆ ಹೋಗಲ್ಲ.

ಆ ರಾತ್ರಿಗೆ ಒಂದು ಉಪಾಯ ಮಾಡಿದ್ವಿ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಅದರಲ್ಲಿ ಒಂದು ಕೀ ಕೆಲಸವನ್ನ ಇನ್ನೊಂದಕ್ಕೆ ವಹಿಸಬಹುದು. ಸೆಮಿಕೋಲನ್ ಕೀಯನ್ನ ಎಫ್ ಮಾಡಿದ್ವಿ. ನಮ್ಮ ಅದೃಷ್ಟಕ್ಕೆ ನುಡಿಯಲ್ಲೂ ಕೆಲಸ ಮಾಡ್ತು. ಬಲಗೈ ಕಿರುಬೆರಳಲ್ಲಿ ಒತ್ತಕ್ಷರ ಹಾಕ್ತಾ ಅಕ್ಕ ಅರವತ್ತು ಪುಟ ಮುಗಿಸಿದ್ಲು. ನಿಮಗೂ ಅರ್ಧ ರಾತ್ರಿಯಲ್ಲಿ ಒಂದು ಕೀ ಕೈಕೊಟ್ರೆ ಇದು ನೆನಪಿರಲಿ.

ಕೆಲಸ ಮುಗಿದ ಮೇಲೆ ಅವಳು ಕೇಳಿದ ಪ್ರಶ್ನೆಯೇ ಈ ಸಂಚಿಕೆ: ‘ಏಳು ಸಾವಿರದ ಕೀಬೋರ್ಡ್ ಅಂತ ಬರುತ್ತಲ್ಲ, ಅದನ್ನ ತಗೊಂಡ್ರೆ ಈ ಕಾಟ ತಪ್ಪುತ್ತಾ? ಇಲ್ಲಾ ಅದೂ ಬರೀ ಶೋಕಿನಾ?’

ಒಳಗೆ ಏನಿದೆ

ಉತ್ತರ ಹುಡುಕೋಕೆ ಮೊದಲು ಆ ಸತ್ತ ಕೀಬೋರ್ಡನ್ನ ಬಿಚ್ಚಿದ್ವಿ. ಬೆಲೆ ನಾನೂರೈವತ್ತು. ಒಳಗೆ ಮೂರು ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ವಿದ್ಯುತ್ ಹರಿಯೋ ಶಾಯಿಯಿಂದ ಗೆರೆಗಳನ್ನ ಅಚ್ಚು ಹಾಕಿರ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀ ಜಾಗದಲ್ಲೂ ತೂತು. ಹಾಳೆಗಳ ಮೇಲೆ ರಬ್ಬರಿನ ಪುಟ್ಟ ಗುಮ್ಮಟ. ಕೀ ಒತ್ತಿದ್ರೆ ಗುಮ್ಮಟ ಕುಸಿದು ಮೇಲಿನ ಹಾಳೆಯನ್ನ ಕೆಳಗಿನದಕ್ಕೆ ತಾಗಿಸುತ್ತೆ, ಅಕ್ಷರ ಬೀಳುತ್ತೆ. ಇದಕ್ಕೆ ಮೆಂಬ್ರೇನ್ ಕೀಬೋರ್ಡ್ ಅಂತಾರೆ. ಆಫೀಸು, ಶಾಲೆ, ಸೈಬರ್ ಸೆಂಟರ್‌ನಲ್ಲಿ ನೀವು ಕುಟ್ಟಿರೋದು ಬಹುಪಾಲು ಇದನ್ನೇ.

ಎಫ್ ಹತ್ತಿರ ಗೆರೆ ಕಪ್ಪಾಗಿತ್ತು. ಗಾಳಿಯಲ್ಲಿನ ತೇವ ಹಾಳೆಗಳ ಮಧ್ಯೆ ಸೇರಿ ಆ ತೆಳು ಲೇಪವನ್ನ ತಿಂದಿತ್ತು. ಜೊತೆಗೆ ಒಂದು ಮೂಲೆಯಲ್ಲಿ ಇರುವೆಗಳ ಸಂಸಾರ. ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು: ಎರಡು ದಿನದಿಂದ ವಿ ಕೀ ಕೂಡ ಆಗಾಗ ಕೈಕೊಡ್ತಿತ್ತಂತೆ. ಕಾರಣ ಸರಳ. ಪ್ರತಿ ಕೀಗೂ ಬೇರೆ ಬೇರೆ ತಂತಿ ಇರಲ್ಲ, ಹಲವು ಕೀಗಳು ಒಂದೇ ಗೆರೆಯನ್ನ ಹಂಚಿಕೊಂಡಿರ್ತವೆ. ಗೆರೆ ಹಾಳಾದ್ರೆ ಅದರ ಮೇಲಿರೋ ಕೀಗಳೆಲ್ಲ ಸಾಲಾಗಿ ಹೋಗ್ತವೆ. ಅದನ್ನ ರಿಪೇರಿ ಮಾಡಿಕೊಡೋ ಅಂಗಡಿ ಹಾಸನದಲ್ಲಿ ನಾನು ಕಂಡಿಲ್ಲ. ‘ಹೊಸದು ತಗೊಳ್ಳಿ ಸಾರ್’ ಅಂತಾರೆ. ನಾನೂರೈವತ್ತರ ವಸ್ತುವಿಗೆ ಅವರು ಹೇಳೋದೂ ಸರಿನೇ.

ಈಗ ಇನ್ನೊಂದು ಬಗೆ: ಮೆಕ್ಯಾನಿಕಲ್ ಕೀಬೋರ್ಡ್. ಇದರಲ್ಲಿ ಪ್ರತಿ ಕೀ ಕೆಳಗೂ ಒಂದೊಂದು ಪ್ರತ್ಯೇಕ ಸ್ವಿಚ್. ಒಳಗೆ ಒಂದು ಲೋಹದ ಸ್ಪ್ರಿಂಗು, ಜಾರೋ ಒಂದು ಪ್ಲಾಸ್ಟಿಕ್ ಕಡ್ಡಿ, ತಾಗಿ ಬಿಡೋ ಎರಡು ಲೋಹದ ಎಲೆ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ ಇದಕ್ಕೆ ಮಾದರಿ. ಕೀ ಒಟ್ಟು 4 ಮಿಲಿಮೀಟರ್ ಕೆಳಗೆ ಹೋಗುತ್ತೆ, ಸುಮಾರು ಅರ್ಧ ದಾರಿಯಲ್ಲೇ ಅಕ್ಷರ ಬಿದ್ದಿರುತ್ತೆ. ಅಂದ್ರೆ ತಳಕ್ಕೆ ಗುದ್ದೋ ಅಗತ್ಯ ಇಲ್ಲ. ದಿನಕ್ಕೆ ಇಪ್ಪತ್ತು ಪುಟ ಕುಟ್ಟೋರ ಬೆರಳಿಗೆ ಇದರ ವ್ಯತ್ಯಾಸ ಸಂಜೆ ಹೊತ್ತಿಗೆ ಗೊತ್ತಾಗುತ್ತೆ.

ಸ್ವಿಚ್‌ಗಳಿಗೆ ಬಣ್ಣದ ಹೆಸರು. ಕೆಂಪು ಅಂದ್ರೆ ಸಲೀಸಾಗಿ ಇಳಿಯೋದು, ಸದ್ದು ಕಡಿಮೆ. ಕಂದು ಅಂದ್ರೆ ಅಕ್ಷರ ಬೀಳೋ ಜಾಗದಲ್ಲಿ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತೆ. ನೀಲಿ ಅಂದ್ರೆ ತಡೆ ಜೊತೆಗೆ ‘ಟಿಕ್’ ಅನ್ನೋ ಸದ್ದು.

ಆ ಸದ್ದು ನೀವು ಆಗಲೇ ಕೇಳಿರ್ತೀರ. ಬ್ಯಾಂಕಲ್ಲಿ, ಬಿಲ್ ಹಾಕೋ ಕೌಂಟರ್‌ನಲ್ಲಿ, ಹಳೇ ಡಿಟಿಪಿ ಸೆಂಟರಲ್ಲಿ ಟಕಟಕ ಅಂತಿರುತ್ತಲ್ಲ, ದಪ್ಪನೆಯ ಕೀಬೋರ್ಡು, ಮೇಲೆ ಟಿವಿಎಸ್ ಅಂತ ಬರೆದಿರುತ್ತೆ. ಟಿವಿಎಸ್ ಗೋಲ್ಡ್. ಬಹಳ ಕಾಲ ಅದರೊಳಗೆ ಇದ್ದದ್ದು ಚೆರ್ರಿಯ ನೀಲಿ ಸ್ವಿಚ್ಚೇ. ಯೂಟ್ಯೂಬಿನಲ್ಲಿ ಬಣ್ಣಬಣ್ಣದ ಲೈಟು ಹಾಕಿ ‘ಮೆಕ್ಯಾನಿಕಲ್’ ಅಂತ ತೋರಿಸೋಕೆ ಎಷ್ಟೋ ಮೊದಲೇ ನಮ್ಮ ಗುಮಾಸ್ತರು ಅದನ್ನ ಕುಟ್ಟಿ ಕುಟ್ಟಿ ಅಕ್ಷರ ಅಳಿಸಿದ್ದರು. ಹಾಗಾಗಿ ‘ಇದೆಲ್ಲ ಗೇಮ್ ಆಡೋ ಹುಡುಗರ ಹುಚ್ಚು’ ಅನ್ನೋರಿಗೆ ನಾನು ಒಪ್ಪಲ್ಲ.

ದುಡ್ಡು ಎಲ್ಲಿಗೆ ಹೋಗುತ್ತೆ

ಬೆಲೆಯನ್ನ ನಾಲ್ಕು ಮೆಟ್ಟಿಲಾಗಿ ನೋಡಿ. ಇವು ಅಂದಾಜು, ಸೇಲ್ ಬಂದಾಗ ಏರುಪೇರಾಗುತ್ತೆ.

ಒಂದನೇದು, ನಾನೂರರಿಂದ ಎಂಟುನೂರು. ಮೆಂಬ್ರೇನ್.

ಎರಡನೇದು, ಎರಡರಿಂದ ನಾಲ್ಕು ಸಾವಿರ. ಟಿವಿಎಸ್ ಗೋಲ್ಡ್, ಮತ್ತೆ ಚೀನಾ ಸ್ವಿಚ್ ಇರೋ ಮೆಕ್ಯಾನಿಕಲ್‌ಗಳು. ಈ ಮೆಟ್ಟಿಲು ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. 2014ರ ಆಸುಪಾಸಿನಲ್ಲಿ ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟ್‌ರಾನ್, ಕೈಲ್, ಔಟೆಮು ಥರದ ಕಂಪನಿಗಳ ಅದೇ ಆಕಾರದ ಸ್ವಿಚ್‌ಗಳು ಮಾರುಕಟ್ಟೆ ತುಂಬಿಕೊಂಡವು. ಪೈಪೋಟಿ ಬಂತು, ಬೆಲೆ ಇಳೀತು.

ಮೂರನೇದು, ಏಳೆಂಟು ಸಾವಿರದಿಂದ ಇಪ್ಪತ್ತು ಸಾವಿರ. ಕೀಕ್ರಾನ್, ಲಾಜಿಟೆಕ್‌ನ ಎಂಎಕ್ಸ್ ಸರಣಿ ಇತ್ಯಾದಿ. ಇಲ್ಲಿ ನೀವು ದುಡ್ಡು ಕೊಡೋದು ತಂತಿ ಇಲ್ಲದ ಸಂಪರ್ಕಕ್ಕೆ, ಬ್ಯಾಟರಿಗೆ, ಕೆಲವದರಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ, ಒಳ್ಳೇ ಕೀ ಟೋಪಿಗಳಿಗೆ.

ನಾಲ್ಕನೇದು, ಇಪ್ಪತ್ತೈದು ಸಾವಿರದ ಮೇಲೆ. ಜಪಾನಿನ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಇದಕ್ಕೆ ಉದಾಹರಣೆ. 1996ರಿಂದ ಇದೆ. ಅದರ ಮೇಲಿನ ಮಾದರಿಗೆ ಅಮೆರಿಕದಲ್ಲೇ 300 ಡಾಲರ್ ದಾಟುತ್ತೆ.

ಕೀ ಟೋಪಿ ಅಂದ್ನಲ್ಲ, ಅದರಲ್ಲಿ ಎರಡು ಪ್ಲಾಸ್ಟಿಕ್ ಮುಖ್ಯ. ಎಬಿಎಸ್ ಅನ್ನೋದು ಅಗ್ಗ, ಬೆರಳಿನ ಎಣ್ಣೆಗೂ ತಿಕ್ಕಾಟಕ್ಕೂ ಬೇಗ ನುಣುಪಾಗಿ ಹೊಳೆಯುತ್ತೆ. ಪಿಬಿಟಿ ಗಟ್ಟಿ, ವರ್ಷಗಟ್ಟಲೆ ಒರಟಾಗೇ ಉಳಿಯುತ್ತೆ. ಆದ್ರೆ ನೀವು ಕನ್ನಡ ಸ್ಟಿಕ್ಕರ್ ಅಂಟಿಸಿ ಬಳಸೋರಾದ್ರೆ ಈ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡೋ ಅಗತ್ಯ ಇಲ್ಲ, ಬೆರಳು ತಾಗೋದು ಸ್ಟಿಕ್ಕರಿಗೆ.

ನಾನು ಓದಿರೋದು ಬಿ.ಕಾಂ. ಆದ್ದರಿಂದ ತೆರಿಗೆ ವಿಷಯ ಬಿಡೋಕಾಗಲ್ಲ. ಕೀಬೋರ್ಡಿಗೆ ಜಿಎಸ್‌ಟಿ 18 ಪರ್ಸೆಂಟ್. 3,200 ರೂಪಾಯಿಗೆ ಕೊಂಡರೆ ಅದರಲ್ಲಿ 488 ರೂಪಾಯಿ ತೆರಿಗೆ. ನಿಮ್ಮ ವ್ಯವಹಾರ ಜಿಎಸ್‌ಟಿ ನೋಂದಣಿ ಆಗಿದ್ರೆ ನಂಬರ್ ಹಾಕಿಸಿ ಬಿಲ್ ತಗೊಳ್ಳಿ, ಅದನ್ನ ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅಕ್ಕನಂಥ ಸಣ್ಣ ದುಡಿಮೆಯವರಿಗೆ ನೋಂದಣಿ ಇರಲ್ಲ, ಹಾಗಾಗಿ ಪೂರ್ತಿ ಹೊರೆ ಅವರದ್ದೇ. ಇನ್ನು ವಿದೇಶಿ ವೆಬ್‌ಸೈಟಿನಿಂದ ನೇರವಾಗಿ ತರಿಸಿದ್ರೆ ಸುಂಕ, ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಸೇರುತ್ತೆ. ಪರದೆ ಮೇಲಿನ ಡಾಲರ್ ಬೆಲೆ ನೋಡಿ ಲೆಕ್ಕ ಹಾಕಬೇಡಿ.

ಐದು ಕೋಟಿ ಒತ್ತು: ನಂಬಬಹುದಾ?

ಈಗ ಬಾಳಿಕೆಗೆ ಬರೋಣ. ಪೆಟ್ಟಿಗೆ ಮೇಲೆ ಒಂದು ದೊಡ್ಡ ಅಂಕಿ ಇರುತ್ತೆ. ಮೆಂಬ್ರೇನ್‌ಗೆ ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಒತ್ತು. ಚೆರ್ರಿ ನೀಲಿಗೆ 5 ಕೋಟಿ, ಕೆಂಪಿಗೆ 10 ಕೋಟಿ. ಪ್ರತಿ ಕೀಗೂ ಇಷ್ಟು ಅಂತ ಅರ್ಥ.

ನಾನು ಅಕ್ಕನ ಒಂದು ಪುಟ ತಗೊಂಡು ಕೂತು ಎಣಿಸಿದೆ. ಒಂದು ಪುಟ ಅಂದ್ರೆ ಸುಮಾರು 250 ಪದ, 2,000 ಒತ್ತು. ನೂರು ಒತ್ತಿನಲ್ಲಿ ಏಳೆಂಟು ಎಫ್. ದಿನಕ್ಕೆ ಇಪ್ಪತ್ತು ಪುಟ ಅಂತಿಟ್ಟುಕೊಂಡ್ರೆ ಒಟ್ಟು 40,000 ಒತ್ತು, ಅದರಲ್ಲಿ ಎಫ್ ಒಂದೇ 3,000. ವರ್ಷಕ್ಕೆ 300 ದಿನ ಕೆಲಸ ಅಂದ್ರೆ 9 ಲಕ್ಷ.

ಗಮನಿಸಿ. ಅತಿ ಕಡಿಮೆ ಅಂದ್ರೂ 50 ಲಕ್ಷ ಒತ್ತು ಬಾಳಬೇಕಾದ ಕೀ. ವರ್ಷಕ್ಕೆ 9 ಲಕ್ಷ ಅಂದ್ರೆ ಐದೂವರೆ ವರ್ಷ ಬರಬೇಕಿತ್ತು. ಬಂದಿದ್ದು ಒಂಬತ್ತು ತಿಂಗಳು. ಇನ್ನೂ ಒಂದು ಸಾಕ್ಷಿ: ಎಫ್‌ಗಿಂತ ಹೆಚ್ಚು ಪೆಟ್ಟು ತಿನ್ನೋದು ಸ್ಪೇಸ್ ಕೀ, ದಿನಕ್ಕೆ 5,000. ಸವೆದು ಸಾಯೋದೇ ಆಗಿದ್ರೆ ಮೊದಲು ಸ್ಪೇಸ್ ಸಾಯಬೇಕಿತ್ತು. ಅದು ಗಟ್ಟಿಮುಟ್ಟಾಗಿತ್ತು.

ಅಂದ್ರೆ ಅಕ್ಕನ ಕೀಬೋರ್ಡು ಸವೆದು ಸತ್ತಿದ್ದಲ್ಲ. ತೇವಕ್ಕೆ ಸತ್ತಿದ್ದು. ಪೆಟ್ಟಿಗೆ ಮೇಲಿನ ಕೋಟಿಗಳು ಪರೀಕ್ಷೆಯ ಕೋಣೆಯಲ್ಲಿ ಯಂತ್ರವೊಂದು ಒತ್ತಿ ಒತ್ತಿ ಎಣಿಸಿದ್ದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯೋ ಮಳೆ ಇಲ್ಲ, ಬಟ್ಟೆ ಒಣಗದ ಮನೆ ಇಲ್ಲ, ಒಲೆ ಹೊಗೆ ಇಲ್ಲ, ಬೆಲ್ಲದ ಕಾಫಿ ವಾಸನೆಗೆ ಬರೋ ಇರುವೆ ಇಲ್ಲ. ಚಪ್ಪಲಿ ಮೇಲೆ, ಬೆಲ್ಟಿನ ಮೇಲೆ ಬೂಷ್ಟು ಹಿಡಿಯೋ ಊರು ನಮ್ಮದು. ಎಲೆಕ್ಟ್ರಾನಿಕ್ ವಸ್ತು ಅಂತ ಮಳೆ ಬಿಡುತ್ತಾ?

ಹಾಗಾದ್ರೆ ಮೆಕ್ಯಾನಿಕಲ್‌ಗೆ ತೇವ ತಾಗಲ್ವಾ? ತಾಗುತ್ತೆ. ಚೆರ್ರಿ ಸ್ವಿಚ್ಚಲ್ಲಿ ತಾಗೋ ತುದಿಗೆ ಚಿನ್ನದ ಮಿಶ್ರಲೋಹ ಇರೋದ್ರಿಂದ ತುಕ್ಕಿಗೆ ಅಷ್ಟು ಸುಲಭವಾಗಿ ಬಗ್ಗಲ್ಲ. ಆದ್ರೂ ದೂಳು, ತೇವ ಸೇರಿದ್ರೆ ಒಂದು ಸಲ ಒತ್ತಿದ್ದಕ್ಕೆ ಎರಡು ಅಕ್ಷರ ಬೀಳೋ ಕಾಯಿಲೆ ಬರುತ್ತೆ. ಕಾಫಿ ಚೆಲ್ಲಿದ್ರಂತೂ ಮೂರು ಸಾವಿರದ್ದೂ ಒಂದೇ, ಹದಿಮೂರು ಸಾವಿರದ್ದೂ ಒಂದೇ. ನಾನು ಇಲ್ಲಿ ‘ಮೆಕ್ಯಾನಿಕಲ್ ಕೊಂಡ್ರೆ ಹಾಳಾಗೋದೇ ಇಲ್ಲ’ ಅಂತ ಹೇಳಲ್ಲ.

ವ್ಯತ್ಯಾಸ ಇರೋದು ಹಾಳಾದ ಮೇಲೆ. ಮೆಂಬ್ರೇನ್‌ನಲ್ಲಿ ಒಂದು ಗೆರೆ ಹೋದ್ರೆ ಇಡೀ ಕೀಬೋರ್ಡ್ ತಿಪ್ಪೆಗೆ. ಮೆಕ್ಯಾನಿಕಲ್‌ನಲ್ಲಿ ಒಂದು ಸ್ವಿಚ್ ಹೋದ್ರೆ ಅದೊಂದನ್ನ ಬದಲಾಯಿಸಬಹುದು. ಅದರಲ್ಲೂ ಎರಡು ಬಗೆ. ಒಂದರಲ್ಲಿ ಸ್ವಿಚ್ಚನ್ನ ಬೆಸುಗೆ ಹಾಕಿರ್ತಾರೆ. ಟಿವಿ ರಿಪೇರಿಯವರ ಹತ್ತಿರ ಒಯ್ದರೆ ಕರಗಿಸಿ ತೆಗೆದು ಹೊಸದು ಹಾಕಿಕೊಡಬಹುದು. ಇನ್ನೊಂದು ‘ಹಾಟ್ ಸ್ವಾಪ್’. ಇದರಲ್ಲಿ ಬೆಸುಗೆ ಇಲ್ಲ, ಪ್ಲಗ್ಗು ಕಿತ್ತು ಹಾಕಿದ ಹಾಗೆ ಸ್ವಿಚ್ಚನ್ನ ಚಿಮುಟದಲ್ಲಿ ಎಳೆದು ಹೊಸದು ಒತ್ತಿದ್ರೆ ಮುಗೀತು. ಆ ಸಾಕೆಟ್ಟಿಗೂ ಸುಮಾರು ನೂರು ಸಲ ಹಾಕಿ ತೆಗೆಯೋವರೆಗೆ ಅಂತ ಮಿತಿ ಇರುತ್ತೆ, ಆಟ ಆಡೋಕಲ್ಲ. ಒಂದು ಸ್ವಿಚ್ಚಿನ ಬೆಲೆ ಇಪ್ಪತ್ತರಿಂದ ಐವತ್ತು ರೂಪಾಯಿ.

ಕನ್ನಡ ಕುಟ್ಟೋರಿಗೆ ಇದು ಇನ್ನೂ ಮುಖ್ಯ. ನಮ್ಮ ಭಾರ ಕೆಲವೇ ಕೀಗಳ ಮೇಲೆ ಬೀಳುತ್ತೆ. ನೂರು ಕೀಗಳಲ್ಲಿ ತೊಂಬತ್ತೈದು ಚೆನ್ನಾಗಿದ್ದು ಎಫ್ ಒಂದು ಹೋದ್ರೂ ಕೆಲಸ ನಿಂತುಹೋಗುತ್ತೆ.

ಸಿಗೋದು ಎಲ್ಲಿ?

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಆನ್‌ಲೈನ್‌ನಲ್ಲಿ ನೋಡಿ, ಲೈಕ್ ಜಾಸ್ತಿ ಇದೆ ಅಂತ ನೀಲಿ ಸ್ವಿಚ್ಚಿನದ್ದನ್ನ ಅಕ್ಕನಿಗೆ ಆರ್ಡರ್ ಮಾಡಿಸಿದೆ. ಮೊದಲನೇ ತೊಂದರೆ, ಬರಲೇ ಇಲ್ಲ. ನಮ್ಮ ಪಿನ್‌ಕೋಡಿಗೆ ತಲುಪಿಸ್ತೀವಿ ಅಂತ ತೋರಿಸಿದ್ರು, ಆಮೇಲೆ ಎರಡು ಸಲ ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಅಂತ ಮೆಸೇಜು. ಅಕ್ಕ ಮನೆ ಬಿಟ್ಟು ಕದಲಿರಲಿಲ್ಲ. ತಲುಪಿಸೋ ಹುಡುಗನನ್ನ ಬೈಯೋಕೂ ಮನಸಾಗಲಿಲ್ಲ. ಸಂಜೆ ಆದ ಮೇಲೆ ತೋಟದ ರಸ್ತೆಯಲ್ಲಿ ಆನೆ ಓಡಾಟ, ಬೈಕಲ್ಲಿ ಬಾ ಅಂತ ಯಾವ ಬಾಯಲ್ಲಿ ಹೇಳೋದು? ಕೊನೆಗೆ ಭಾವ ಆಲೂರಿಗೆ ಹೋಗಿ ತಂದ್ರು.

ಎರಡನೇ ತೊಂದರೆ, ಸದ್ದು. ಅಕ್ಕ ಟೈಪ್ ಮಾಡೋದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ಎರಡನೇ ದಿನಕ್ಕೇ ಅವರತ್ತೆ, ‘ಏನವ್ವ ಅದು, ರಾತ್ರಿಯೆಲ್ಲ ಅಡಿಕೆ ಕುಟ್ದಂಗೆ’ ಅಂದ್ರಂತೆ. ವಾಪಸ್ ಮಾಡಬೇಕಾಯ್ತು. ವಾಪಸ್ ಒಯ್ಯೋರು ಬರೋಕೆ ಮತ್ತೆ ಒಂದು ವಾರ.

ಹಾಸನದ ಅಂಗಡಿಗಳನ್ನ ಸುತ್ತಿದೆ. ಮೆಂಬ್ರೇನ್ ಬೇಕಾದಷ್ಟು. ಮೆಕ್ಯಾನಿಕಲ್ ಕೇಳಿದ್ರೆ ಒಂದೋ ಎರಡೋ ಮಾದರಿ, ‘ಹೇಳಿದ್ರೆ ತರಿಸಿಕೊಡ್ತೀವಿ’. ಬಿಡಿ ಸ್ವಿಚ್ ಕೇಳಿದ್ರೆ ಲೈಟಿನ ಸ್ವಿಚ್ಚು ತೋರಿಸಿದ್ರು! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಕೈಯಲ್ಲಿ ಒತ್ತಿ ನೋಡಬಹುದು, ಚೌಕಾಸಿನೂ ನಡೆಯುತ್ತೆ. ಆದ್ರೆ ಹಾಸನದಿಂದಲೇ ಸುಮಾರು 185 ಕಿಲೋಮೀಟರ್. ಕೀಬೋರ್ಡಿಗೆ ಅಂತಲೇ ಹೋಗೋ ದೂರ ಅಲ್ಲ, ಬೇರೆ ಕೆಲಸ ಇದ್ದಾಗ ಸೇರಿಸಿಕೊಳ್ಳಿ. ಅಲ್ಲಿ ಗೆಳೆಯರಿದ್ರೆ ಅವರ ಕೈಯಲ್ಲಿ ಕೊಂಡು, ಪರೀಕ್ಷಿಸಿ, ಕೆಎಸ್‌ಆರ್‌ಟಿಸಿ ಬಸ್ಸಿನ ಪಾರ್ಸೆಲ್‌ನಲ್ಲಿ ಹಾಸನಕ್ಕೆ ಹಾಕಿಸಬಹುದು. ಮೆಕ್‌ಕೀಸ್, ಸ್ಟ್ಯಾಕ್ಸ್‌ಕೆಬಿ ಥರದ ಭಾರತದ ಆನ್‌ಲೈನ್ ಅಂಗಡಿಗಳಲ್ಲಿ ಬಿಡಿ ಸ್ವಿಚ್ಚು, ಕೀ ಟೋಪಿ ಸಿಗುತ್ತೆ. ಹಳ್ಳಿ ವಿಳಾಸ ಆದ್ರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸ್ತೀರಾ ಅಂತ ಮೊದಲೇ ಕೇಳಿ. ಅಂಚೆಯಣ್ಣನಿಗೆ ನಮ್ಮನೆ ದಾರಿ ಗೊತ್ತು.

ವಾರಂಟಿ ಬಗ್ಗೆ ಒಂದು ಮಾತು. ಮೂರು ವರ್ಷ ವಾರಂಟಿ ಅಂತ ಇದ್ರೂ ಸರ್ವಿಸ್ ಸೆಂಟರ್ ಬೆಂಗಳೂರಲ್ಲಿ ಮಾತ್ರ ಇದ್ರೆ, ಹೋಗಿ ಬರೋ ಖರ್ಚು ಮತ್ತು ಆ ದಿನದ ಕೂಲಿ ನಿಮ್ಮ ಕೈಯಿಂದ. ಕೊಳ್ಳೋ ಮೊದಲು ‘ಮನೆಯಿಂದ ತಗೊಂಡು ಹೋಗ್ತೀರಾ’ ಅಂತ ಕೇಳಿ.

ಲೆಕ್ಕ ಹಾಕೋಣ

ಎರಡೂವರೆ ವರ್ಷದಲ್ಲಿ ಮೂರು ಕೀಬೋರ್ಡ್, ತಲಾ 450: 1,350 ರೂಪಾಯಿ. ಪ್ರತಿ ಸಲ ಹಾಸನಕ್ಕೆ ಓಡಿದ್ದು, ಬಸ್ ಚಾರ್ಜು, ಅರ್ಧ ದಿನದ ಕೆಲಸ ಹೋದದ್ದು ಸೇರಿ 500 ಅಂತಿಟ್ಟರೆ 1,500. ಒಟ್ಟು 2,850. ವರ್ಷಕ್ಕೆ 1,140. ‘ಅಗ್ಗದ’ ಕೀಬೋರ್ಡಿನ ನಿಜವಾದ ಖರ್ಚು ಇದು. ಈ ಅಂಕಿ ಬರೆದು ತೋರಿಸಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ಲು.

ಈಗ ಇನ್ನೊಂದು ಕಡೆ. ಹಾಟ್ ಸ್ವಾಪ್ ಮೆಕ್ಯಾನಿಕಲ್ 3,200, ಜೊತೆಗೆ ಹತ್ತು ಬಿಡಿ ಸ್ವಿಚ್ಚಿಗೆ 300. ಒಟ್ಟು 3,500. ಇದು ಮೂರು ವರ್ಷ ಬಾಳಿದ್ರೆ ಸರಿಸಮ. ನಾಲ್ಕನೇ ವರ್ಷದಿಂದ ಲಾಭ.

ಬಿಡಿ ಸ್ವಿಚ್ ಸೇರಿಸಿ 7,800ರದ್ದು ಕೊಂಡ್ರೆ? ಅಸಲು ಹುಟ್ಟೋಕೆ ಸುಮಾರು ಏಳು ವರ್ಷ ಬೇಕು. ಅದರಲ್ಲಿ ಬ್ಯಾಟರಿ ಇದ್ರೆ ಅದೇ ಮೊದಲು ಸೋಲಬಹುದು. ಮೂವತ್ತು ಸಾವಿರದ್ದಕ್ಕೆ ಇಪ್ಪತ್ತಾರು ವರ್ಷ! ಅದನ್ನ ಕೊಳ್ಳೋರು ಇಷ್ಟಕ್ಕೆ ಕೊಳ್ತಾರೆ, ಉಳಿತಾಯಕ್ಕಲ್ಲ. ತಪ್ಪೇನಿಲ್ಲ, ಆದ್ರೆ ‘ಬಾಳಿಕೆ ಬರುತ್ತೆ ಅಂತ ತಗೊಂಡೆ’ ಅಂತ ಮನೆಯಲ್ಲಿ ಹೇಳಬೇಡಿ.

ಅದೇ ರೀತಿ, ದಿನಕ್ಕೆ ನಾಲ್ಕು ಮೇಲ್, ಒಂದು ಅಸೈನ್‌ಮೆಂಟ್ ಟೈಪ್ ಮಾಡೋ ವಿದ್ಯಾರ್ಥಿ ನೀವಾಗಿದ್ರೆ ಈ ಯಾವ ಲೆಕ್ಕವೂ ನಿಮಗೆ ಹೊಂದಲ್ಲ. ಐನೂರರದ್ದು ಸಾಕು. ಅದನ್ನ ಒಣಗಿದ ಜಾಗದಲ್ಲಿಡಿ.

ಕೊಳ್ಳೋ ಮೊದಲು

ಚಿಕ್ಕದಾಗಿ ಹೇಳ್ತೀನಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಪೆಟ್ಟಿಗೆ ಮೇಲೆ ಸ್ವಿಚ್ಚಿನ ಕಂಪನಿ ಹೆಸರು ಇದೆಯಾ ನೋಡಿ. ‘ಮೆಕ್ಯಾನಿಕಲ್ ಫೀಲ್’ ಅಂತ ಬರೆದಿದ್ರೆ ಅದು ಮೆಂಬ್ರೇನೇ. ಟಿವಿಎಸ್ ಗೋಲ್ಡ್ ಆದ್ರೂ ಈಗಿನ ಪೆಟ್ಟಿಗೆಯಲ್ಲಿ ಯಾವ ಸ್ವಿಚ್ ಅಂತ ಓದಿ.

ಹಾಟ್ ಸ್ವಾಪ್ ಇದೆಯಾ, ಸಾಕೆಟ್ ಮೂರು ಪಿನ್ನಿನದ್ದಾ ಐದು ಪಿನ್ನಿನದ್ದಾ ಕೇಳಿ. ಬಿಡಿ ಸ್ವಿಚ್ ಅದಕ್ಕೆ ಹೊಂದಬೇಕು. ಕೀಬೋರ್ಡ್ ಜೊತೆಗೇ ಹತ್ತು ಸ್ವಿಚ್ ತರಿಸಿಟ್ಟುಕೊಳ್ಳಿ.

ಡಿಟಿಪಿ, ಲೆಕ್ಕಪತ್ರ ಮಾಡೋರು ಬಲಗಡೆ ಅಂಕಿಗಳ ಭಾಗ ಇರೋ ಪೂರ್ಣ ಅಳತೆಯದ್ದನ್ನೇ ಕೊಳ್ಳಿ. ಚಂದ ಅಂತ ಚಿಕ್ಕದು ತಗೊಂಡ್ರೆ ಆಲ್ಟ್ ಜೊತೆ ಅಂಕಿ ಒತ್ತಿ ಚಿಹ್ನೆ ತರೋ ಅಭ್ಯಾಸ ಇರೋರಿಗೆ ಕೈ ಕಟ್ಟಿದಂತಾಗುತ್ತೆ.

ಮನೆಯಲ್ಲಿ ಮಲಗೋರಿದ್ರೆ ನೀಲಿ ಬೇಡ. ಕಂದು ಅಥವಾ ಕೆಂಪು.

ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ತಂತಿ ಕಿತ್ತು, ಬಟ್ಟೆ ಮುಚ್ಚಿ, ಮುಚ್ಚಳ ಇರೋ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತಲ್ಲ, ಅದನ್ನ ಎಸೀಬೇಡಿ. ಏನಾದ್ರೂ ಚೆಲ್ಲಿದ್ರೆ ಮೊದಲು ತಂತಿ ಕೀಳಿ, ಬೋರಲು ಹಾಕಿ, ಎರಡು ದಿನ ಒಣಗಿಸಿ. ಒಲೆ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟ ಆಗುತ್ತೆ.

ಅಕ್ಕ ಏನು ಕೊಂಡ್ಲು?

ಸೆಪ್ಟೆಂಬರಲ್ಲಿ, ಕಂದು ಸ್ವಿಚ್ಚಿನ, ತಂತಿ ಇರೋ, ಪೂರ್ಣ ಅಳತೆಯ ಹಾಟ್ ಸ್ವಾಪ್. ಬೆಂಗಳೂರಲ್ಲಿರೋ ಗೆಳೆಯನ ಕೈಯಲ್ಲಿ ತರಿಸಿದ್ವಿ. 3,200 ಒಂದೇ ಸಲ ಎಣಿಸಿ ಕೊಡುವಾಗ ಅವಳ ಕೈ ತಡೆದದ್ದು ನನಗೆ ನೆನಪಿದೆ. ವರ್ಷಕ್ಕೆ 1,140 ಬಿಡಿಬಿಡಿಯಾಗಿ ಹೋಗೋದು ಕಣ್ಣಿಗೆ ಕಾಣಲ್ಲ, ಮೂರು ಸಾವಿರ ಒಟ್ಟಿಗೆ ಹೋಗೋದು ಕಾಣುತ್ತೆ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದೋರು ಅಗ್ಗದ್ದನ್ನೇ ಮತ್ತೆ ಮತ್ತೆ ಕೊಳ್ಳಬೇಕಾಗುತ್ತೆ, ಅದೇ ಕೊನೆಗೆ ದುಬಾರಿ ಆಗುತ್ತೆ. ಕಾಲೇಜಲ್ಲಿ ಅಕೌಂಟ್ಸ್ ಓದಿದ್ದೆ, ಇದನ್ನ ಕಲಿತದ್ದು ಅಕ್ಕನ ಮೇಜಿನ ಮುಂದೆ.

ಜನವರಿಯಲ್ಲಿ ಮತ್ತೆ ಫೋನ್. ‘ಒಂದ್ಸಲ ಒತ್ತಿದ್ರೆ ಎರಡೆರಡು ದೀರ್ಘ ಬೀಳ್ತಿದೆ ಕಣೋ.’ ಎ ಕೀ. ವಿಡಿಯೋ ಕಾಲ್ ಹಾಕು ಅಂದೆ. ಹಾಕೋ ಹೊತ್ತಿಗೆ ಅವಳೇ ಟೋಪಿ ತೆಗೆದು, ಚಿಮುಟದಲ್ಲಿ ಸ್ವಿಚ್ ಕಿತ್ತು ಕೈಯಲ್ಲಿ ಹಿಡಿದಿದ್ಲು. ಹೊಸದು ಹಾಕಿ ಒತ್ತಿದ್ಲು. ಸರಿಯಾಯ್ತು. ಮೂವತ್ತು ರೂಪಾಯಿ, ಎರಡು ನಿಮಿಷ. ಹಾಸನದ ಬಸ್ಸು ಹತ್ತಲಿಲ್ಲ.

‘ಇನ್ನು ಒಂಬತ್ತು ಇದಾವೆ’ ಅಂತ ಡಬ್ಬಿ ತೋರಿಸಿದ್ಲು. ಏಲಕ್ಕಿ ಹಾಕಿಡೋ ಡಬ್ಬಿ.

ಈ ಕೀಬೋರ್ಡು ಒಂದು ಪೂರ್ತಿ ಮಳೆಗಾಲ ಇನ್ನೂ ಕಂಡಿಲ್ಲ. ಈ ವರ್ಷದ ಮಳೆ ಈಗ ಶುರುವಾಗಿದೆ. ದೀಪಾವಳಿ ಹೊತ್ತಿಗೆ ಏನಾಯ್ತು ಅಂತ ಬಂದು ಹೇಳ್ತೀನಿ, ಕೆಟ್ಟಿದ್ರೆ ಕೆಟ್ಟಿದೆ ಅಂತಲೇ ಹೇಳ್ತೀನಿ. ನಿಮ್ಮನೆ ಕೀಬೋರ್ಡಲ್ಲಿ ಮೊದಲು ಸತ್ತ ಕೀ ಯಾವುದು, ನೀವು ಕುಟ್ಟೋದು ಯಾವ ಭಾಷೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ.

ಕರೆಂಟ್ ಹೋಗೋ ಮೊದಲು ಇದನ್ನ ಅಪ್‌ಲೋಡ್ ಮಾಡಬೇಕು. ಬರ್ತೀನಿ, ನಮಸ್ಕಾರ.